ಶಹಾತಾ ಕಟ್ಟಿಕೊಂಡು ಹೋದ ಟೈ

ಕ್ಯಾಮೆರಾ ಮುಂದೆ ಕೂತ ಮನುಷ್ಯನಿಗೆ ಏನಾಗುತ್ತದೋ ದೇವರೇ ಬಲ್ಲ. ಹೊರಗೆ ಮೀನಿನವಳ ಹತ್ತಿರ ಗಂಟಲು ಹರಿಯುವ ಹಾಗೆ ಚೌಕಾಸಿ ಮಾಡಿ ಬಂದ ಗಂಡಸು ನನ್ನ ಸ್ಟೂಲಿನ ಮೇಲೆ ಕೂತ ಕೂಡಲೇ ಕೊರಡಾಗಿಬಿಡುತ್ತಾನೆ. ಮಿತ್ ಘಮ್ರ್‌ನಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದವನು ನಾನು, ವಗ್ದಿ. ಕೊರಡನ್ನು ಮನುಷ್ಯನಾಗಿ ಮಾಡೋದಕ್ಕೆ ನನ್ನದೊಂದು ಉಪಾಯವಿತ್ತು. ಒಂದೆರಡು ಫೋಟೋ ತೆಗೆದು, "ಆಯ್ತು, ರೀಲು ಮುಗೀತು. ಆರಾಮಾಗಿ ಕೂತ್ಕೊಳ್ಳಿ, ಚಹಾ ಹೇಳ್ತೀನಿ" ಅನ್ನುತ್ತಿದ್ದೆ. ರೀಲು ಎಲ್ಲಿ ಮುಗಿದಿರುತ್ತಿತ್ತು? ಕ್ಯಾಮೆರಾದಿಂದ ಬಂದ ಉದ್ದ ಕೊಳವೆಯ ತುದಿಗೆ ಒಂದು ರಬ್ಬರ್ ಉಂಡೆ, ಒತ್ತಿದರೆ ಫೋಟೋ ಬೀಳುತ್ತಿತ್ತು, ಅದು ನನ್ನ ಗಲಾಬಿಯಾ ನಿಲುವಂಗಿಯ ಜೇಬಿನಲ್ಲಿ. ಭುಜ ಇಳಿದು, ಮುಖ ಸಡಿಲಾಗಿ, ಅವರು ಅವರಾಗುವ ಗಳಿಗೆಗೆ ಕಾದಿದ್ದು ಉಂಡೆ ಒತ್ತುತ್ತಿದ್ದೆ. ಪ್ರಿಂಟ್ ನೋಡಿ ಜನ ಖುಷಿಪಡುತ್ತಿದ್ದರು. ಇದರಲ್ಲಿ ಮೋಸವಿದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ರೈಲ್ವೆ ಗೇಟು ಕಾಯುತ್ತಿದ್ದ ಶಹಾತಾ ಸತ್ತು ಐವತ್ತು ದಿನವಾಗಿತ್ತು. ಅವನ ಹೆಂಡತಿ ಇನ್ಶಿರಾ ಪಿಂಚಣಿ ಕಾಗದಕ್ಕೆ ಫೋಟೋ ಬೇಕೆಂದು ಬಂದಳು. ಸೂತಕದ ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇರಬೇಕಾದವಳು. ಇಂಥ ತಪ್ಪಿಸಲಾಗದ ಕೆಲಸಕ್ಕೆ ಮಾತ್ರ, ಅದೂ ಹಗಲಲ್ಲಿ, ಹೊರಗೆ ಬರಬಹುದು. ಮೈತುಂಬ ಕಪ್ಪು. ಮುಂದಿನ ಎರಡು ಹಲ್ಲು ಇರಲಿಲ್ಲ, ಅದಕ್ಕೇ ತಲೆವಸ್ತ್ರದ ಅಂಚು ಸದಾ ಬಾಯಿಗೆ ಅಡ್ಡ. ಎರಡು ಫೋಟೋ ತೆಗೆದೆ, ಎರಡರಲ್ಲೂ ಕಲ್ಲು.

"ರೀಲು ಮುಗೀತು ತಂಗಿ," ಅಂದೆ.

ಅವಳು ಉಸಿರು ಬಿಟ್ಟಳು. ಕಣ್ಣು ಗೋಡೆಯ ಮೊಳೆಯ ಕಡೆ ಹೋಯಿತು. ಊರಿನ ಗಂಡಸರೆಲ್ಲ ಫೋಟೋಗೆ ಹಾಕಿಕೊಳ್ಳುವ ಒಂದೇ ಕೋಟು, ಒಂದೇ ಕೆಂಪು ಟೈ ಅಲ್ಲಿ ನೇತಾಡುತ್ತಿದ್ದವು.

"ಅದೇ ಟೈ ಅಲ್ವಾ ಉಸ್ತಾದರೇ? ನಮ್ಮ ಮದುವೆ ಫೋಟೋ ದಿನ ಇವರು ಬಿಚ್ಚೋದು ಗೊತ್ತಾಗದೆ ಹಾಗೇ ಮನೆಗೆ ಬಂದ್ಬಿಟ್ಟಿದ್ರು. ಯಾರನ್ನಾದ್ರೂ ಕೇಳೋಕೂ ನಾಚ್ಕೆ. ಮೂರು ದಿನ ಟೈ ಕಟ್ಕೊಂಡೇ ಗೇಟು ಕಾದ್ರು. ರೈಲಿನ ಡ್ರೈವರ್‌ಗಳು ಯಾರೋ ಸಾಹೇಬರು ಅಂತ ಸಲಾಮು ಹೊಡೆದ್ರಂತೆ. ಕೊನೆಗೆ ಅತ್ತೆ ಕತ್ತರಿ ತಂದ್ರು. 'ಬೇಡಮ್ಮ, ಟೈ ಹೋದ್ರೆ ವಗ್ದಿ ನನ್ನ ಕತ್ತು ಹಿಡೀತಾನೆ' ಅಂತ ಇವರು ಮನೆ ತುಂಬ ಓಡ್ತಾ ಇದ್ದಾರೆ, ಅತ್ತೆ ಹಿಂದೆ..."

ಮಾತು ಮುಗಿಸಲಿಕ್ಕಾಗಲಿಲ್ಲ ಅವಳಿಗೆ. ನಗು ಬಂತು. ಕೈ ಬಾಯಿಂದ ಜಾರಿತು, ವಸ್ತ್ರ ಭುಜಕ್ಕೆ ಇಳಿಯಿತು, ಹಲ್ಲಿಲ್ಲದ ಸಂದು ಕಂಡಿತು. ಸತ್ತವನು ಎದುರಿಗೇ ಓಡುತ್ತಿದ್ದಾನೇನೋ ಅನ್ನುವ ಹಾಗೆ ನಕ್ಕಳು. ನಾನು ಉಂಡೆ ಒತ್ತಿದೆ.

ಕಲ್ಲಿನಂಥ ಫೋಟೋವನ್ನು ಪಿಂಚಣಿಗೆ ತೆಗೆದಿಟ್ಟೆ. ನಗುವಿನ ಫೋಟೋ ದೊಡ್ಡದು ಮಾಡಿ ಅಂಗಡಿಯ ಗಾಜಿನ ಹಿಂದೆ ಇಟ್ಟೆ. ಅಲ್ಲಿ ಯಾರ ಫೋಟೋ ಇಡಬೇಕಾದರೂ ಅವರನ್ನು ಕೇಳಿ ಇಡುವುದು ಪದ್ಧತಿ. ಕೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಅವತ್ತು ಸಂಜೆ ಚಹಾದಂಗಡಿಯಲ್ಲಿ ಕ್ಷೌರದ ಬಯೂಮಿ ಕೆಣಕಿದ. "ಏನಪ್ಪಾ ವಗ್ದಿ, ಶಹಾತಾನ ಹೆಂಡತಿ ಕಪ್ಪುಟ್ಟುಕೊಂಡು ಹಲ್ಲು ಬಿಡ್ತಿದ್ದಾಳಲ್ಲ, ಏನು ಮಾಡ್ದೆ ನೀನು?"

ಟೈ ಕಥೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರೂ ಶಹಾತಾನನ್ನು ನೆನೆದು ನಕ್ಕು, ಅವನಿಗೆ ಒಳ್ಳೆಯದಾಗಲಿ ಅನ್ನುತ್ತಿದ್ದರು. ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿತ್ತು? ಎಲುಬಿಲ್ಲದ ನಾಲಿಗೆ.

"ನನ್ನ ಸ್ಟೂಲಿನ ಮೇಲೆ ಕೂತರೆ ಕಲ್ಲೂ ನಗುತ್ತೆ ಕಣೋ," ಅಂದೆ. "ಎರಡು ಮಾತಾಡಿದೆ ಅಷ್ಟೇ. ಗಂಡ ಸತ್ತಿದ್ದೇ ಮರೆತುಬಿಟ್ಟಳು."

ಇಡೀ ಅಂಗಡಿ ನಕ್ಕಿತು. ನಾನು ಮೀಸೆ ತೀಡಿಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೂರನೇ ದಿನ ಇನ್ಶಿರಾ ಫೋಟೋ ಒಯ್ಯಲು ಬಂದಳು. ಗಾಜಿನ ಮುಂದೆ ನಿಂತು ನೋಡಿದಳು. ಒಳಗೆ ಬಂದು, "ರೀಲು ಮುಗೀತು ಅಂದಿದ್ರಲ್ಲ," ಅಂದಳು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹೋದಮೇಲೆ ಫೋಟೋ ತೆಗೆದು ಡ್ರಾಯರಿಗೆ ಹಾಕಿದೆ. ಫೋಟೋ ತೆಗೆದೆ, ಮಾತನ್ನು ಎಲ್ಲಿಂದ ತೆಗೆಯಲಿ? ಅದು ಆಗಲೇ ಅವಳ ಅತ್ತೆ ಹಜ್ಜಾ ರವ್ಹಿಯಾಳ ಕಿವಿಗೆ ಬಿದ್ದಿತ್ತು. ಒಂದೇ ಚಾಪೆಯ ಮೇಲೆ ಕೂತು ಅಳುತ್ತಿದ್ದ ಹೆಂಗಸರು ಅವರಿಬ್ಬರು. ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ವಾರದಲ್ಲಿ ಜಿಫ್ತಾದಿಂದ ಇನ್ಶಿರಾಳ ಅಣ್ಣ ಬಂದು ತಂಗಿಯನ್ನು ಸೇತುವೆಯಾಚೆ ತನ್ನ ಮನೆಗೆ ಕರೆದುಕೊಂಡು ಹೋದ. ಸೂತಕದ ದಿನ ಮುಗಿಯದೆ ಗಂಡನ ಮನೆ ಬಿಟ್ಟಳು! ಊರಿಗೆ ಇನ್ನೇನು ಬೇಕು? "ತಪ್ಪಿಲ್ಲದಿದ್ರೆ ಯಾಕೆ ಹೋಗ್ತಿದ್ಲು?" ಅಂದರು.

ನಾನು ಬಾಯಿ ಬಿಡಲಿಲ್ಲ. ನಿಜ ಹೇಳಬೇಕಾದರೆ ನಾನು ಸುಳ್ಳುಗಾರ ಅಂತ ಮೊದಲು ಹೇಳಬೇಕಿತ್ತು. ಇವತ್ತು ಬೇಡ, ನಾಳೆ ಅಂದುಕೊಂಡೇ ಹದಿನೈದು ದಿನ ಕಳೆದೆ.

ಹದಿನಾರನೇ ದಿನ ಒಬ್ಬ ಮದುಮಗ ಬಂದ. ಅದೇ ಕೆಂಪು ಟೈ ಅವನ ಕೊರಳಿಗೆ ಕಟ್ಟುತ್ತಿದ್ದೆ. "ಬಿಚ್ಚೋದು ಹೇಗೆ ಅಂತ ಈಗ್ಲೇ ಹೇಳ್ಬಿಡಿ ಉಸ್ತಾದರೇ," ಅಂದ. ನನ್ನ ಕೈ ನಿಂತುಹೋಯಿತು. ಅವನ ಫೋಟೋ ಹೇಗೆ ತೆಗೆದೆನೋ ಗೊತ್ತಿಲ್ಲ. ಅಂಗಡಿಗೆ ಬಾಗಿಲು ಹಾಕಿ ನೆಟ್ಟಗೆ ಶಹಾತಾನ ಮನೆಗೆ ನಡೆದೆ.

ಹಜ್ಜಾ ರವ್ಹಿಯಾ ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದೆ. ಮುದುಕಿ ಮುಖ ತಿರುಗಿಸಿಕೊಂಡೇ ಕೇಳಿದಳು. ಟೈ ಅಂದಾಗ ತಿರುಗಿದಳು.

"ಕತ್ತರಿ ವಿಷಯ ಹೇಳಿದ್ಲಾ?"

"ಹೇಳಿದ್ರು ತಾಯಿ. ಅದನ್ನ ಹೇಳ್ತಾನೇ ನಕ್ಕಿದ್ದು."

ಮುದುಕಿ ಹೊಸ್ತಿಲ ಮೇಲೆ ಕುಸಿದು ಕೂತಳು. "ಅದು ನಮ್ಮ ಮೂರು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನನ್ನ ಮಗನನ್ನ ನೆನೆಸ್ಕೊಂಡು ನಕ್ಕವಳನ್ನ ನಾನು..." ಆಮೇಲೆ ಕೇಳಿದಳು. "ನೀನು ಇಷ್ಟು ದಿನ ಯಾಕೋ ಬಾಯಿ ಮುಚ್ಕೊಂಡಿದ್ದೆ?"

"ನಾಚಿಕೆ ಆಯ್ತು ತಾಯಿ."

"ನಿನಗೆ ನಾಚಿಕೆ ಆಯ್ತು ಅಂತ ಅವಳು ಮನೆ ಬಿಟ್ಲು," ಅಂದಳು. ಏಳುತ್ತ ಕರಿಯ ವಸ್ತ್ರ ತಲೆಗೆ ಸುತ್ತಿಕೊಂಡಳು. "ನಡಿ. ಮೊದಲು ಚಹಾದಂಗಡಿ. ಎಲ್ಲಿ ಉಗುಳಿದ್ಯೋ ಅಲ್ಲೇ ಒರೆಸು."

ಒರೆಸಿದೆ. ಹುಕ್ಕಾ ಎಳೆಯುತ್ತಿದ್ದ ಅಷ್ಟೂ ಗಂಡಸರ ಮುಂದೆ ನಿಂತು, ನಾನು ಏನೂ ಮಾತಾಡಿರಲಿಲ್ಲ, ಅವಳು ನಕ್ಕಿದ್ದು ಅವಳ ಗಂಡನಿಗೆ, ಕದ್ದು ಫೋಟೋ ತೆಗೆದವನು ನಾನು ಅಂದೆ. ಯಾರೂ ನಗಲಿಲ್ಲ. ಬಯೂಮಿ ತನ್ನ ಲೋಟದೊಳಗೆ ನೋಡುತ್ತ ಕೂತ.

ಅಲ್ಲಿಂದ ಸೇತುವೆ ದಾಟಿ ಜಿಫ್ತಾಗೆ ಹೋದೆವು, ಮುದುಕಿ ಮುಂದೆ, ನಾನು ಹಿಂದೆ. ಅಣ್ಣನ ಮನೆಯ ಬಾಗಿಲಿಗೆ ಇನ್ಶಿರಾ ಬಂದಳು. ಮೊದಲಿಗಿಂತ ಇಳಿದುಹೋಗಿದ್ದಳು. ವಸ್ತ್ರದ ಅಂಚು ಬಾಯಿಗೆ ಅಡ್ಡ. ಅತ್ತೆಯನ್ನು ನೋಡಿ ಹಿಂದಕ್ಕೆ ಸರಿದಳು.

"ಕತ್ತರಿ ತಂದಿದ್ದೀನಿ ಕಣೇ," ಅಂದಳು ಮುದುಕಿ. "ಅವನೆಲ್ಲಿ, ಹಿಡ್ಕೋ ಹೋಗು."

ಇನ್ಶಿರಾಳ ಭುಜ ಅಲುಗತೊಡಗಿತು. ಅಳುವೋ ನಗುವೋ ಅವಳಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಮುಖ ಮತ್ತೆ ಕಲ್ಲಾಯಿತು.

"ಉಸ್ತಾದರೇ, ಸ್ವಲ್ಪ ಆ ಕಡೆ ತಿರುಗ್ಕೊಳ್ಳಿ."

"ಕ್ಯಾಮೆರಾ ತಂದಿಲ್ಲ ತಂಗಿ," ಅಂದೆ. ಜೇಬಿನಿಂದ ಎರಡೂ ಖಾಲಿ ಕೈ ತೆಗೆದು ತೋರಿಸಿದೆ.

"ಗೊತ್ತು. ಆದ್ರೂ ತಿರುಗ್ಕೊಳ್ಳಿ."

ಗೋಡೆಯ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಆ ಇಬ್ಬರು ಹೆಂಗಸರು ಒಟ್ಟಿಗೆ ನಗುವುದು ಕೇಳಿಸಿತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ತನಕ ಹಾಗೇ ನಿಂತಿದ್ದೆ.