ಡ್ರ್ಯಾಗನ್ ಬಾಲದ ಹಲ್ಲಿನ ಗುರುತು

ಮಾವನವರು ಕೂಡಿಟ್ಟಿದ್ದ ಹಳೆಯ ಲೋಹದ ಗೊಂಬೆಗಳ ಡಬ್ಬಿ ಅಟ್ಟದಿಂದ ಇಳಿದ ದಿನ ದಂತವೈದ್ಯೆ ಸೊಸೆಗೆ ಹಸಿವೇ ಮರೆತುಹೋಯಿತು. ಮೇಜಿನ ಮೇಲಿನ ಯುದ್ಧದಾಟಕ್ಕೆ ಬಳಸುವ ಹೆಬ್ಬೆರಳುದ್ದದ ಮಾಂತ್ರಿಕರು, ರಾಕ್ಷಸರು, ಜೊತೆಗೊಂದು ಡ್ರ್ಯಾಗನ್. ಎಲ್ಲವೂ ಸೀಸದವು. ಸೀಸ ಅಂದರೆ ವಿಷ ಎಂದು ಅತ್ತೆ ಬೆಳಗಿನಿಂದ ಮನೆಮಂದಿಯ ತಲೆ ತಿಂದಿದ್ದರು. ಡಬ್ಬಿ ಇಳಿಸಿಕೊಟ್ಟ ಸ್ವಂತ ಮಗನೂ ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಕೈಗವಸು ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಧೂಳು ಒರೆಸುತ್ತಿದ್ದ ಸೊಸೆಯ ಕಣ್ಣು ಡ್ರ್ಯಾಗನ್ ಬಾಲದ ಮೇಲೆ ನಿಂತಿತು. ಹಲ್ಲಿನ ಗುರುತು! ಗಂಡ ಮಗುವಾಗಿದ್ದಾಗ ಕಚ್ಚಿರಬೇಕು ಅಂದುಕೊಂಡು ಭೂತಗನ್ನಡಿ ಹಿಡಿದಳು. ಊಹೂಂ, ಹಾಲುಹಲ್ಲಲ್ಲ. ದೊಡ್ಡವರ ಮುಂದಿನ ಹಲ್ಲುಗಳು; ಒಂದರ ಮೂಲೆ ಚಕ್ಕೆ ಎದ್ದಿದೆ. ಈ ಮುರುಕು ಮೂಲೆಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?

"ಕೈ ತೊಳ್ಕೊಂಡೇ ಊಟಕ್ಕೆ ಬಾಮ್ಮ," ಎನ್ನುತ್ತ ಅತ್ತೆ ಬಾಗಿಲಲ್ಲಿ ನಿಂತು ನಕ್ಕರು. ಚಕ್ಕೆ ಎದ್ದ ಹಲ್ಲು ಎದ್ದು ಕಂಡಿತು.

"ಅತ್ತೆ, ಇದನ್ನ ಕಚ್ಚಿದ್ದು ನೀವಾ?"

ಅತ್ತೆಯ ನಗು ಅರ್ಧಕ್ಕೇ ನಿಂತಿತು. "ಅಂಗಡಿಯವನು ಸೀಸ ಇಲ್ವೇ ಇಲ್ಲ ಅಂತ ನಿಮ್ಮ ಮಾವನ ಕಿವಿಗೆ ಹೂ ಇಟ್ಟಿದ್ದ. ನಿನ್ನ ಗಂಡ ಆಗ ಅಂಬೆಗಾಲು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಂಗೆ ನಂಬಿಕೆ ಬರ್ಲಿಲ್ಲ, ಕಚ್ಚಿ ನೋಡ್ದೆ. ಸೀಸ ಮೆತ್ತಗಿರುತ್ತಲ್ಲ, ಬೆಣ್ಣೆಗೆ ಇಳಿದ ಹಾಗೆ ಹಲ್ಲು ಇಳೀತು. ಅವತ್ತೇ ಎಲ್ಲಾನೂ ಅಟ್ಟಕ್ಕೆ ಏರಿಸ್ದೆ."

"ಆಮೇಲೆ ಬಾಯಿ ತೊಳ್ಕೊಂಡ್ರಾ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಕೈ ತೊಳ್ಕೊಂಡೆ ಕಣೆ. ಎರಡೆರಡು ಸಲ."