ಪಕ್ಕದವನನ್ನು ಗೆದ್ದರೆ ಸಾಕು

ಗೊಸ್ಸೆಗೆ ಗಡಿಯಾರವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಲೆಂಡಿನ ಉತ್ತರದ ಫ್ರೀಸ್‌ಲ್ಯಾಂಡಿನಲ್ಲಿ ಕಾಲುವೆ ಹೆಪ್ಪುಗಟ್ಟಿದೊಡನೆ ಊರೂರಲ್ಲೂ ನಡೆಯುವ ಸ್ಕೇಟಿಂಗ್ ಪಂದ್ಯಗಳಲ್ಲೇ ಅವನ ಹರೆಯ ಕಳೆದಿತ್ತು. ಅಲ್ಲಿ ಇಬ್ಬರು ಅಕ್ಕಪಕ್ಕ ನಿಂತು ನೇರವಾಗಿ ಓಡುತ್ತಿದ್ದರು. ಮುಂದೆ ಬಂದವನು ಗೆದ್ದ, ಗೆದ್ದವನು ಮತ್ತೊಬ್ಬನ ಜೊತೆ ಓಡಬೇಕು. ಹಾಗಾಗಿ ಜಾಣನಾದವನು ಪಕ್ಕದವನು ಹಿಂದೆ ಬಿದ್ದದ್ದು ಕಂಡೊಡನೆ ಸೊಂಟ ನೆಟ್ಟಗೆ ಮಾಡಿ, ಉಳಿದ ದೂರವನ್ನು ಆರಾಮವಾಗಿ ಜಾರಿಕೊಂಡೇ ಮುಗಿಸುತ್ತಿದ್ದ. ಉಸಿರೂ ಉಳಿಯುತ್ತಿತ್ತು, ಸೋತವನ ಮಾನವೂ ಉಳಿಯುತ್ತಿತ್ತು. ಈ ವಿದ್ಯೆಯಿಂದ ಗೊಸ್ಸೆ ಸಂಪಾದಿಸಿದ್ದು ಬೆಳ್ಳಿಯ ಒಂದು ಹೊಗೆಸೊಪ್ಪಿನ ಡಬ್ಬಿ, ಜೊತೆಗೆ ಸುತ್ತಲಿನ ಊರುಗಳಲ್ಲೆಲ್ಲ ಉಪದೇಶ ಮಾಡುವ ಹಕ್ಕು.

ಉಪದೇಶವೆಲ್ಲ ಬೀಳುತ್ತಿದ್ದದ್ದು ಅವನ ತಂಗಿಯ ಮಗ ಹಿಲ್ಕೆಯ ತಲೆಯ ಮೇಲೆ. ಹಿಲ್ಕೆ ದೋಣಿಯಲ್ಲಿ ಉರುವಲು ಸಾಗಿಸುವವನು. ಮಾತು ಕಡಿಮೆ, ತೊಡೆ ಭಾರಿ.

ಆ ಚಳಿಗಾಲ ಹತ್ತಿರದ ಲೇವಾರ್ಡನ್ ಪಟ್ಟಣದಲ್ಲಿ ದೇಶದೇಶದವರು ಸೇರಿ ವಿಶ್ವ ಚಾಂಪಿಯನ್‌ಶಿಪ್ ನಡೆಸಿದರು. ಆಗಿನ ನಿಯಮ ವಿಚಿತ್ರವಾಗಿತ್ತು: ನಾಲ್ಕು ಓಟಗಳಲ್ಲಿ ಮೂರನ್ನು ಒಬ್ಬನೇ ಗೆಲ್ಲಬೇಕು, ಇಲ್ಲದಿದ್ದರೆ ಆ ವರ್ಷ ಚಾಂಪಿಯನ್ನೇ ಇಲ್ಲ. ಇಲ್ಲೂ ಇಬ್ಬಿಬ್ಬರೇ ಜೊತೆಯಾಗಿ ಓಡುತ್ತಿದ್ದರು, ಆದರೆ ಓಟ ಗೆದ್ದಂತಾಗುತ್ತಿದ್ದದ್ದು ಎಲ್ಲರಿಗಿಂತ ಕಡಿಮೆ ಸಮಯ ತೆಗೆದುಕೊಂಡವನು. ಹಿಲ್ಕೆ ಎರಡು ಗೆದ್ದಿದ್ದ. ಉಳಿದದ್ದು ಕೊನೆಯ, ಎಲ್ಲಕ್ಕಿಂತ ಉದ್ದದ ಓಟ. ಅದರಲ್ಲಿ ನಾರ್ವೆಯ ಆಸ್ಮುಂಡ್ ಮೊದಲೇ ಓಡಿ ಮುಗಿಸಿದ್ದ. ಅವನು ತೆಗೆದುಕೊಂಡ ಸಮಯವನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಹಿಲ್ಕೆಗೆ ಜೊತೆಯಾದವನು ಬರ್ಲಿನ್ನಿನ ಒಬ್ಬ ಹಲ್ಲಿನ ವೈದ್ಯ.

"ಮಾವ, ನಾನು ಸೋಲಿಸ್ಬೇಕಾದ್ದು ಆ ನಾರ್ವೆಯವನನ್ನ," ಎಂದ ಹಿಲ್ಕೆ, ಸ್ಕೇಟಿನ ಪಟ್ಟಿ ಬಿಗಿಯುತ್ತ.

"ಎಲ್ಲಿದ್ದಾನೆ ಅವನು?"

"ಡೇರೇಲಿ ಕೂತು ಬಟಾಣಿ ಸೂಪು ಕುಡೀತಿದ್ದಾನೆ."

"ಸೂಪು ಕುಡಿಯೋನ ಜೊತೆ ಯಾವನಾದ್ರೂ ರೇಸ್ ಓಡ್ತಾನೇನೋ? ಪಕ್ಕದಲ್ಲಿರೋನ್ನ ನೋಡ್ಕೋ, ಸಾಕು. ಗಡಿಯಾರಕ್ಕೇನು ಕಾಲಿದೆಯಾ?"

ಅರ್ಧ ಓಟ ಮುಗಿಯುವಷ್ಟರಲ್ಲಿ ಹಲ್ಲಿನ ವೈದ್ಯ ಎಲ್ಲೋ ಹಿಂದೆ ಏದುಸಿರು ಬಿಡುತ್ತಿದ್ದ. ಹಿಲ್ಕೆ ಬಗ್ಗಿದ ಬೆನ್ನು ಎತ್ತಲೇ ಇಲ್ಲ. ಗೊಸ್ಸೆಗೆ ಮೈಯೆಲ್ಲ ಉರಿಯಿತು. ಇದೆಂಥ ಅಸಹ್ಯ, ಸತ್ತವನನ್ನೇ ಹೊಡೆಯುವ ಹಾಗೆ. ಕೊನೆಯ ಸುತ್ತಿನಲ್ಲಿ ಅವನು ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಮೇಲೆ ಬಗ್ಗಿ, ಗಂಟಲು ಹರಿಯುವಂತೆ ಕೂಗಿದ: "ಸಾಕು ಬಿಡೋ ಹಿಲ್ಕೆ, ಪಾಪ ಅವನೆಲ್ಲಿದ್ದಾನೋ ಏನೋ. ಸೊಂಟ ಎತ್ತು."

ಹಿಲ್ಕೆ ಒಮ್ಮೆ ಮಾವನ ಕಡೆ ನೋಡಿದ. ನೆಟ್ಟಗಾದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಭಾನುವಾರ ಚರ್ಚಿಗೆ ಹೊರಟವನಂತೆ ಜಾರುತ್ತ ಗೆರೆ ದಾಟಿದ. ಜನ ಹೋ ಎಂದು ಬೊಬ್ಬಿಟ್ಟರು. ತನ್ನನ್ನೇ ಹೊಗಳುತ್ತಿದ್ದಾರೆಂದುಕೊಂಡು ಗೊಸ್ಸೆ ಟೋಪಿ ಎತ್ತಿ ವಂದಿಸಿದ.

ಹಲಗೆಯ ಮೇಲಿದ್ದ ಸಮಯಕ್ಕಿಂತ ಎರಡು ಸೆಕೆಂಡು ಹೆಚ್ಚಾಗಿತ್ತು. ಸೂಪಿನ ಬಟ್ಟಲು ಹಿಡಿದೇ ಡೇರೆಯಿಂದ ಹೊರಬಂದ ಆಸ್ಮುಂಡನಿಗೆ ಆ ಓಟವನ್ನು ತಾನು ಗೆದ್ದದ್ದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಧ್ಯಕ್ಷರು ಚಾಂಪಿಯನ್ನನಿಗೆಂದು ಬರೆದುಕೊಂಡು ಬಂದಿದ್ದ ಭಾಷಣವನ್ನು ಜೇಬಿಗೆ ತುರುಕಿ, ಈ ವರ್ಷ ಚಾಂಪಿಯನ್ ಯಾರೂ ಇಲ್ಲವೆಂದು ಸಾರಿದರು. ಬ್ಯಾಂಡಿನವರಿಗೆ ಬರುತ್ತಿದ್ದದ್ದು ವಿಜಯದ ಒಂದೇ ಹಾಡು, ಅದನ್ನೇ ಬಾರಿಸಿದರು. ಮಾಲೆಯನ್ನು ಏನು ಮಾಡುವುದೆಂದು ತೋಚದೆ ಡೋಲಿಗೆ ಹಾಕಿದರು.

ಸಂಜೆ ಊರಿನ ಹೋಟೆಲಿನಲ್ಲಿ ಗೊಸ್ಸೆ ಮೀಸೆ ತಿರುವಿದ. "ಚಾಂಪಿಯನ್ ಯಾರೂ ಇಲ್ಲ ಅಂದ್ಮೇಲೆ ನಮ್ಮ ಹುಡುಗನ ಮೇಲೆ ಯಾರೂ ಇಲ್ಲ ಅಂತಾಯ್ತಲ್ಲ."

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಅವನೇ ಆಗ್ತಿದ್ದ," ಎಂದ ಹೋಟೆಲಿನ ಯಜಮಾನ ತ್ಸಾಲಿಂಗ್.

"ಆ ಗದ್ದಲದಲ್ಲಿ ನಾನು ಕೂಗಿದ್ದು ಅವನಿಗೆಲ್ಲಿ ಕೇಳಿಸ್ಬೇಕು? ಸುಸ್ತಾಯ್ತು, ನಿಂತ."

"ಕೇಳಿಸ್ತು ಮಾವ," ಎಂದ ಹಿಲ್ಕೆ.

"ಗಡಿಯಾರದ ಲೆಕ್ಕ ಮರ್ತಿದ್ದೆ, ಅಲ್ವೇನೋ?" ಎಂದ ಗೊಸ್ಸೆ.

"ಇಲ್ಲ. ನೆನಪಿತ್ತು."

"ಮತ್ತೆ ಯಾಕೋ ನಿಧಾನ ಮಾಡ್ದೆ?"

"ಅಷ್ಟು ಜನರ ಮುಂದೆ ಕೂಗಿದ್ರಿ. ಹಾಗೇ ಓಡಿದ್ರೆ ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತಾಗ್ತಿತ್ತು. ನಿಧಾನ ಮಾಡಿದ್ರೂ ಗೆಲ್ಲೋಷ್ಟು ಹೊತ್ತು ಉಳಿದಿದೆ ಅಂದ್ಕೊಂಡೆ."

ಈ ಹುಡುಗ ತನ್ನ ಮಾತು ಕೇಳುವುದೇ ಇಲ್ಲವೆಂದು ಗೊಸ್ಸೆ ವರ್ಷಗಟ್ಟಲೆ ಇದೇ ಬೆಂಚಿನ ಮೇಲೆ ಕೂತು ದೂರಿದ್ದ. ಅದು ನಿಜವಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಾಗ ಅವನಿಗೆ ಅಳು ಬಂತು.