ಓದಿ ಸಹಿ ಹಾಕಿ

ಹೂವಿನ ಚಕ್ರ ಕಾರಿನ ಹಿಂಬಾಗಿಲಿಗೆ ಸಿಕ್ಕಿಕೊಂಡು ಹಟ ಹಿಡಿದಿತ್ತು. ನಿರ್ಮಾಪಕಿ ಹೊರಗಿನಿಂದ ಎಳೆದಳು, ಹಳೆಯ ಕ್ಯಾಮೆರಾಮನ್ ಒಳಗಿನಿಂದ ತಳ್ಳಿದರು. ನಾಲ್ಕು ಹೂ ಉದುರಿದ ಮೇಲೆ ಅದು ಈಚೆಗೆ ಬಂತು. ಅಡ್ಡಪಟ್ಟಿಯ ಮೇಲೆ ‘ನಮ್ಮ ಪ್ರೀತಿಯ ಗ್ರಂಥಪಾಲಕರಿಗೆ, ಟಿ.ವಿ. ಕೇಂದ್ರದ ಸಿಬ್ಬಂದಿ’ ಎಂದು ಬಂಗಾರದ ಅಕ್ಷರದಲ್ಲಿ ಬರೆದಿತ್ತು.

“ಗ್ರಂಥಪಾಲಕರಂತೆ!” ಕ್ಯಾಮೆರಾಮನ್ ಮೂಗು ಮುರಿದರು. “ಮೂವತ್ತು ವರ್ಷ ಟೇಪು ಕಾದ ಮನುಷ್ಯ. ಗ್ರಂಥ ಅಂತ ಒಂದನ್ನೂ ಮುಟ್ಟಿದ್ದು ನಾನು ನೋಡಿಲ್ಲ. ಚೀಟಿಯಣ್ಣ ಅಂತ ಬರೆಸಿದ್ದಿದ್ರೆ ಹೋದವನಿಗೂ ಗೊತ್ತಾಗ್ತಿತ್ತು, ಹೂವು ತನಗೇ ಬಂದಿದ್ದು ಅಂತ.”

“ಮೆಲ್ಲಗೆ ಗುರುಗಳೇ. ಮನೆಯವ್ರು ಮೇಲೆ ನಿಂತು ನೋಡ್ತಿದಾರೆ.”

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮೇಜನ್ನು ಗೋಡೆಗೆ ಸರಿಸಿ, ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ ಚೀಟಿಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಜೇಬಿನಲ್ಲಿ ಎಂದಿನ ನೀಲಿ ಪೆನ್ನೂ ಇತ್ತು. ಮೂರು ಗಂಟೆಗೆ ವ್ಯಾನು, ನಾಲ್ಕಕ್ಕೆ ಚಿತಾಗಾರದಲ್ಲಿ ಸರದಿ. ನಿರ್ಮಾಪಕಿ ಚಕ್ರವನ್ನು ಕಾಲ ಬಳಿ ಇಟ್ಟು, ಎಲ್ಲಿ ಕೂರುವುದೆಂದು ನೋಡುತ್ತಿರುವಾಗ ಒಳಗಿನಿಂದ ಮಗಳು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ಮಹಿಳಾ ಕಾರ್ಯಕ್ರಮದ ಮೇಡಂ ನೀವೇ ಅಲ್ವಾ? ಬೆಳಿಗ್ಗೆಯಿಂದ ನಿಮ್ಮ ದಾರೀನೇ ಕಾಯ್ತಾ ಇದೀನಿ.”

ನಿರ್ಮಾಪಕಿಗೆ ಗಾಬರಿಯಾಯಿತು. ಅವಳು ಈ ಹುಡುಗಿಯನ್ನು ನೋಡುತ್ತಿರುವುದೇ ಮೊದಲು. ಆಸ್ಪತ್ರೆಗೆ ಹೋಗಿ ಚೀಟಿಯಣ್ಣನನ್ನು ನೋಡಬೇಕೆಂದುಕೊಂಡದ್ದೂ ಹಾಗೇ ಉಳಿದುಹೋಗಿತ್ತು.

ಮಗಳು ಬೀರುವಿನಿಂದ ಒಂದು ಕಟ್ಟು ತಂದಳು. ದಾರ ಸುತ್ತಿದ ತೆಳುವಾದ ಕಾರ್ಬನ್ ಪ್ರತಿಗಳು, ಒಟ್ಟು ಇಪ್ಪತ್ತೊಂದು, ವರ್ಷಕ್ಕೊಂದರ ಹಾಗೆ. ಎಲ್ಲದರಲ್ಲೂ ಒಂದೇ ಟೇಪಿನ ಸಂಖ್ಯೆ: ೨೩೧೬. ಕೋರಿದವರು: ನಿರ್ಮಾಪಕಿ, ಮಹಿಳಾ ಕಾರ್ಯಕ್ರಮ. ಕೆಳಗೆ ಬಾಲ ಉದ್ದಕ್ಕೆ ಎಳೆದ ಅವಳದೇ ಸಹಿ. ನಡುವಿನ ವಿವರದ ಸಣ್ಣ ಅಕ್ಷರಗಳು ಮಾತ್ರ ಕಾರ್ಬನ್ ಸರಿಯಾಗಿ ಹತ್ತದೆ ಓದಲಾಗದಂತಿದ್ದವು.

“ಇದರಲ್ಲಿ ನಮ್ಮಮ್ಮ ಇದಾಳೆ,” ಮಗಳು ಹೇಳಿದಳು. “ನನಗೆ ಒಂದೂವರೆ ವರ್ಷ ಆಗಿದ್ದಾಗ ಹೋಗ್ಬಿಟ್ಳು. ಮನೇಲಿರೋದು ಎರಡು ಫೋಟೋ, ಎರಡರಲ್ಲೂ ಬಾಯಿ ಬಿಗಿದು ಕೂತಿದಾಳೆ. ಅವಳ ದನಿ ಹೇಗಿತ್ತು ಅಂತಾನೇ ನನಗೆ ಗೊತ್ತಿಲ್ಲ. ಕೇಳಿದ್ರೆ ಅಪ್ಪ, ‘ಟೇಪಲ್ಲಿ ಹನ್ನೊಂದು ಸೆಕೆಂಡು ಮಾತಾಡಿದಾಳೆ, ಎಲ್ಲಿಗೂ ಹೋಗಲ್ಲ’ ಅಂತಿದ್ರು. ವರ್ಷದಲ್ಲಿ ಯಾರೂ ಕೇಳದ ಟೇಪು ಅಳಿಸ್ತಾರಂತಲ್ಲ? ‘ನಮ್ಮ ಮೇಡಂ ಒಬ್ರು ಇದಾರೆ, ತಪ್ಪದೆ ತರಿಸ್ತಾರೆ, ನಿಮ್ಮಮ್ಮ ಉಳಿದಿರೋದು ಅವರಿಂದ’ ಅಂತ ಎಷ್ಟು ಸಲ ಹೇಳಿದಾರೋ.”

ಪೆಟ್ಟಿಗೆಯ ಪಕ್ಕ ಕುಳಿತಿದ್ದ ಚೀಟಿಯಣ್ಣನ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಒಂದಿನ ಮನೆಗೆ ತಂದು ಮಗೂಗೆ ತೋರಿಸೋ ಅಂದ್ರೆ ಕೇಳ್ದನಾ? ಈ ಚೀಟಿಗಳು ಬಿಟ್ರೆ ಕಚೇರಿಯ ಒಂದು ಗುಂಡುಸೂಜಿ ಈ ಮನೆಗೆ ಬಂದದ್ದಿಲ್ಲ. ‘ರಿಟೈರ್ ಆದ್ಮೇಲೆ ಹೊರಗಿನವನಾಗಿ ಅರ್ಜಿ ಹಾಕಿ ಕರ್ಕೊಂಡು ಹೋಗ್ತೀನಕ್ಕಾ’ ಅಂದ. ರಿಟೈರ್ ಆದ, ಹಾಸಿಗೆ ಹಿಡಿದ. ಇಂಥ ಮನುಷ್ಯನ್ನ ಎಲ್ಲಾದ್ರೂ ಕಂಡಿದೀರಾ?”

“ಒಂದೇ ಒಂದ್ಸಲ ಕೇಳಿಸಿಬಿಡಿ ಮೇಡಂ,” ಎಂದಳು ಮಗಳು. “ಮುಂದಿನ ವಾರ ನಾನೇ ಬರ್ತೀನಿ. ಅಪ್ಪನೂ ಹೋದ್ರು. ಇನ್ನು ನನಗೆ ಅಂತ ಇರೋದು ಅದೊಂದೇ.”

“ಆಗ್ಲಿ ತಾಯಿ,” ಎಂದುಬಿಟ್ಟಳು ನಿರ್ಮಾಪಕಿ. ಯಾರು ಏನು ಕೇಳಿದರೂ ಅವಳ ಬಾಯಿಂದ ಮೊದಲು ಬರುವುದು ಆ ಮಾತೇ.

*

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಹಳೆಯ ರೈಲು ಸೇತುವೆ ಕುಸಿಯಿತು. ಏಳರ ಸುದ್ದಿಗೆ ಇಪ್ಪತ್ತು ನಿಮಿಷವಿತ್ತು. ಸೇತುವೆ ನೆಟ್ಟಗಿದ್ದಾಗಿನ ದೃಶ್ಯ ಬೇಕು. ಓಡುತ್ತ ನೆಲಮಾಳಿಗೆಗೆ ಇಳಿದರೆ, ಟೇಪುಗಳ ಕಪಾಟಿನ ಮುಂದೆ ಕುಳಿತ ಮನುಷ್ಯ ಒಂದು ಚೀಟಿ ಮುಂದೆ ತಳ್ಳಿದರು.

“ಅಣ್ಣ, ಅಲ್ಲಿ ಸೇತುವೆ ಬಿದ್ದಿದೆ!”

“ಬಿದ್ದದ್ದು ಬಿತ್ತು ಮೇಡಂ. ಚೀಟಿ ಬರೀರಿ.”

ತಲೆ ಮೇಲೆ ತಲೆ ಬಿದ್ದರೂ ಚೀಟಿ ಇಲ್ಲದೆ ಟೇಪು ಕದಲದು. ಅವಳು ಹಲ್ಲು ಕಡಿಯುತ್ತ ಬರೆದು ತಲೆ ಎತ್ತುವಷ್ಟರಲ್ಲಿ ಟೇಪು ಮೇಜಿನ ಮೇಲಿತ್ತು. “ನಾಲ್ಕನೇ ನಿಮಿಷದಿಂದ ತಗೊಳ್ಳಿ. ಅದಕ್ಕೆ ಮುಂಚಿನದು ಬೇಡ, ಕ್ಯಾಮೆರಾ ಅಲ್ಲಾಡಿದೆ. ತೆಗೆದವ್ರು ಯಾರು ಅಂತ ನಾನು ಹೇಳಲ್ಲ.” ತೆಗೆದವರು ಕ್ಯಾಮೆರಾಮನ್ ಗುರುಗಳೇ ಎಂದು ಕೇಂದ್ರಕ್ಕೆಲ್ಲ ಗೊತ್ತಿತ್ತು.

ಬಂದ ಪ್ರತಿ ಟೇಪನ್ನೂ ಅವರು ತಾವೇ ನೋಡುತ್ತಿದ್ದರು. ಯಾವ ಸೆಕೆಂಡಿನಲ್ಲಿ ಏನಿದೆ, ಯಾರು ಅಳುತ್ತಾರೆ, ಹಿಂದೆ ಯಾವ ಅಂಗಡಿಯ ಬೋರ್ಡಿದೆ, ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಇತರರಿಗೆ ಪ್ರಶಸ್ತಿ ಬಂದ ಎಷ್ಟೋ ಕಾರ್ಯಕ್ರಮಗಳು ಅರ್ಧ ಅವರ ಕೈಯಿಂದ ಆದವು. ತೆರೆಯ ಮೇಲೆ ಅವರ ಹೆಸರು ಒಂದು ದಿನವೂ ಬರಲಿಲ್ಲ. ಅವರು ಕೇಳಲೂ ಇಲ್ಲ.

ವರ್ಷದ ಕೊನೆಗೆ ಮಾತ್ರ ಅವರೇ ಮೆಟ್ಟಿಲು ಹತ್ತಿ ಅವಳ ಮೇಜಿಗೆ ಬರುತ್ತಿದ್ದರು, ಕೈಯಲ್ಲಿ ಒಂದು ಕಂತೆ ಚೀಟಿ ಹಿಡಿದು. “ಈ ಟೇಪುಗಳನ್ನ ಉಳಿಸಿಕೊಳ್ಳೋದಾದ್ರೆ ಸಹಿ ಬೇಕು. ಓದಿ ಸಹಿ ಹಾಕಿ ಮೇಡಂ.”

“ನಿಮ್ಮ ಮೇಲೆ ನಂಬಿಕೆ ಇದೆ ಅಣ್ಣ.”

“ನಂಬಿಕೆ ಬೇರೆ, ಓದೋದು ಬೇರೆ.”

ಅವಳು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಸರಸರನೆ ಸಹಿ ಎಳೆಯುತ್ತಿದ್ದಳು. ಪ್ರತಿ ವರ್ಷವೂ ಅವರು ಅದೇ ಮಾತು ಹೇಳಿದರು, ಪ್ರತಿ ವರ್ಷವೂ ಅವಳು ಓದಲಿಲ್ಲ.

*

ಈಗ ಅವಳು ಮೆಟ್ಟಿಲ ತಿರುವಿಗೆ ಹೋಗಿ ಕೇಂದ್ರಕ್ಕೆ ಫೋನು ಮಾಡಿದಳು. ಟೇಪು ವಿಭಾಗವನ್ನು ಈಗ ನೋಡಿಕೊಳ್ಳುವ ತಂತ್ರಜ್ಞ ಎತ್ತಿಕೊಂಡ.

“ಎರಡು ಮೂರು ಒಂದು ಆರಾ? ಒಂದ್ನಿಮಿಷ ಮೇಡಂ... ವಿಲೇವಾರಿ ಪಟ್ಟೀಲಿದೆ. ಹೋದ ತಿಂಗಳೇ ಲಾರಿ ಬಂದು ತಗೊಂಡು ಹೋಯ್ತಲ್ಲ.”

“ಕಂಪ್ಯೂಟರಿಗೆ ಹಾಕಿರ್ತೀರಲ್ಲಪ್ಪ?”

“ವರ್ಷದೊಳಗೆ ಬೇಡಿಕೆ ಇದ್ದದ್ದು ಮಾತ್ರ ಹಾಕಿದ್ದು. ಸುತ್ತೋಲೆ ನಿಮಗೂ ಕಳಿಸಿದ್ವಿ.”

“ಲಾರಿಯವ್ರ ಹತ್ರ ಇರಬಹುದಾ?”

“ಅವತ್ತೇ ಪುಡಿ ಮಾಡ್ಬಿಡ್ತಾರೆ ಮೇಡಂ. ಯಾಕೆ, ಏನಿತ್ತು ಅದರಲ್ಲಿ?” ಅವನು ಕೀಲಿಮಣೆ ಕುಟ್ಟುವುದು ಕೇಳಿಸಿತು. “ಓ, ಬಸ್ ಸ್ಟ್ಯಾಂಡು. ಬಸ್ ಸ್ಟ್ಯಾಂಡ್ ದೃಶ್ಯ ಬೇಕಾದಷ್ಟಿದೆ. ಹೊಸದೇ ಕಳಿಸ್ಲಾ?”

ಅವಳು ಫೋನು ಇಟ್ಟಳು. ಕೆಳಗೆ ವ್ಯಾನು ಬಂದು ನಿಂತಿತ್ತು. ಚಾಲಕ ಹಿಂದಿನ ಬಾಗಿಲು ತೆಗೆದು, ಒಳಗಿನ ಕಸವನ್ನು ಒಂದು ಬಟ್ಟೆಯಿಂದ ಹೊಡೆಯುತ್ತಿದ್ದ.

*

ಎಂಟು ತಿಂಗಳ ಹಿಂದೆ ಚೀಟಿಯಣ್ಣ ಕೇಂದ್ರಕ್ಕೆ ಬಂದಿದ್ದರು. ಮೂವತ್ತು ವರ್ಷ ಹಾದ ಬಾಗಿಲಲ್ಲೇ ಅವರ ಕುತ್ತಿಗೆಗೆ ‘ಸಂದರ್ಶಕ’ ಎಂಬ ಬಿಲ್ಲೆ ಹಾಕಿ ಕೂರಿಸಿದ್ದರು. ಅವಳು ಕೆಳಗಿಳಿದು ಬರುವಷ್ಟರಲ್ಲಿ ಅವರು ಮೂರು ಗಂಟೆ ಕಾದಿದ್ದರು. ಬಡಕಲಾಗಿದ್ದರು. ಅಂಗಿಯ ಕಾಲರು ಸಡಿಲವಾಗಿತ್ತು.

“ಒಂದೇ ಚೀಟಿ ಮೇಡಂ. ತುಂಬಿಸಿ ತಂದಿದೀನಿ. ನೀವು ಸಹಿ ಹಾಕಿ ಕೆಳಗೆ ಕೊಟ್ರೆ ಸಾಕು. ಈ ಸಲ ಕೊಡದಿದ್ರೆ ಅಳಿಸೋದಲ್ಲ, ಎಸೆದೇಬಿಡ್ತಾರೆ.”

“ಏನಿದೆ ಅಣ್ಣ ಅಂಥದ್ದು ಅದರಲ್ಲಿ?”

“ಅದರಲ್ಲೇ ಬರೆದಿದೆ. ಓದಿ.”

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಸ್ಟುಡಿಯೋದಲ್ಲಿ ಅತಿಥಿ ಬಂದು ಕುಳಿತಿದ್ದರು. “ಆಗ್ಲಿ ಅಣ್ಣ, ನಾಳೆನೇ ಕೊಡ್ತೀನಿ,” ಎಂದು ಚೀಟಿಯನ್ನು ಕೈಚೀಲದ ಪಕ್ಕದ ಜೇಬಿಗೆ ತುರುಕಿದಳು. ಆಮೇಲೆ ಅವರು ಎರಡು ಸಲ ಫೋನು ಮಾಡಿದರು. ಎರಡು ಸಲವೂ ನಾಳೆ ಎಂದಳು. ನಾಳೆ ಎಂದವರ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ಅಂದವಳ ಮನೆಯಲ್ಲ.

*

ಚಿತಾಗಾರದ ಹೊರಗಿನ ಹಜಾರದಲ್ಲಿ ಸಿಮೆಂಟಿನ ಬೆಂಚುಗಳಿದ್ದವು. ಸರದಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಿರ್ಮಾಪಕಿ ಕೈಚೀಲದ ಪಕ್ಕದ ಜೇಬಿಗೆ ಕೈ ಹಾಕಿದಳು. ಔಷಧಿ ಅಂಗಡಿಯ ರಸೀದಿಗಳ ನಡುವೆ ನಾಲ್ಕು ಮಡಿಕೆಯಾಗಿ ಅದು ಹಾಗೇ ಕುಳಿತಿತ್ತು. ಬಿಡಿಸಿ, ಮೊದಲ ಸಲ ಓದಿದಳು.

‘ಟೇಪು ೨೩೧೬. ಬಸ್ ನಿಲ್ದಾಣ, ಪ್ರಯಾಣಿಕರ ಅಭಿಪ್ರಾಯ. ೭ನೇ ನಿಮಿಷ ೨೨ನೇ ಸೆಕೆಂಡಿನಿಂದ: ಹಸಿರು ಕೊಡೆ ಹಿಡಿದ ಹೆಂಗಸು, ಸೊಂಟದ ಮೇಲೆ ಮಗು. ಬಸ್ಸು ತಡವಾಗುವ ಬಗ್ಗೆ ದೂರು. ನಂತರ ಗಂಡನ ಬಗ್ಗೆ ಒಂದು ತಮಾಷೆ. ಮಗು ಮೈಕು ಹಿಡಿಯಲು ಕೈ ಚಾಚುತ್ತದೆ. ಹೆಂಗಸು ನಗುತ್ತಾಳೆ. ಧ್ವನಿ ಸ್ಪಷ್ಟ. ೧೧ ಸೆಕೆಂಡು.’

ಉದ್ದೇಶ ಎಂಬ ಕಡೆ ಖಾಲಿ ಬಿಟ್ಟಿದ್ದರು. ಸುಳ್ಳು ಬರೆಯುವುದು ಅವರ ಕೈಲಾಗುತ್ತಿರಲಿಲ್ಲ. ನಿಜ ಬರೆದರೆ ನಿಯಮ ಒಪ್ಪುತ್ತಿರಲಿಲ್ಲ.

ಒಂದು ವಾರ ತಳ್ಳಬಹುದಿತ್ತು. ಹುಡುಕುತ್ತಿದ್ದಾರೆ, ಸಿಗಲಿಲ್ಲ, ನೋಡೋಣ ಎಂದು ವರ್ಷಗಟ್ಟಲೆ ತಳ್ಳಬಹುದಿತ್ತು. ಅದರಲ್ಲಿ ಅವಳು ಪಳಗಿದ ಕೈ. ಆದರೆ ಮಗಳು ಬಂದು ಪಕ್ಕದಲ್ಲೇ ಕುಳಿತು, “ಮುಂದಿನ ವಾರ ಯಾವತ್ತು ಬರ್ಲಿ ಮೇಡಂ?” ಎಂದು ಕೇಳಿದಾಗ, ನಿರ್ಮಾಪಕಿ ಚೀಟಿಯನ್ನು ಅವಳ ತೊಡೆಯ ಮೇಲಿಟ್ಟಳು.

“ಬರ್ಬೇಡಮ್ಮ. ಟೇಪಿಲ್ಲ. ಎಸೆದುಬಿಟ್ಟಿದಾರೆ. ನಿಮ್ಮಪ್ಪ ನನ್ನ ಕೈಲಿ ಕೊಟ್ಟಿದ್ದ ಚೀಟಿ ಇದು. ನಾನು ಸಹಿ ಹಾಕ್ಲಿಲ್ಲ.”

ಮಗಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಯಾರಿದಾರೆ ಅದರಲ್ಲಿ ಅಂತ ನಿಮಗೆ ಹೇಳಿರ್ಲಿಲ್ವಾ?”

“ಓದಿ ಅಂದ್ರು. ಓದ್ಲಿಲ್ಲ.”

“ಮತ್ತೆ ಇಪ್ಪತ್ತೊಂದು ವರ್ಷ?”

“ಅವನ್ನೂ ಓದಿರ್ಲಿಲ್ಲ ತಾಯಿ.”

ಮಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೀಟಿ ತೆಗೆದುಕೊಂಡು ಬೆಂಚಿನ ಆ ತುದಿಗೆ ಸರಿದು, ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ನಿರ್ಮಾಪಕಿಗೆ ಅಲ್ಲೇ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

“ತಮಾಷೆ ಅಂತ ಬರೆದಿದಾರಲ್ಲ,” ಮಗಳು ತಲೆ ಎತ್ತದೆ ಕೇಳಿದಳು. “ಏನು ತಮಾಷೆ ಮಾಡಿದ್ಲು?”

ಎಲ್ಲರೂ ಎದುರಿನ ಬೆಂಚಿನಲ್ಲಿದ್ದ ಕ್ಯಾಮೆರಾಮನ್ ಕಡೆ ನೋಡಿದರು. ಆ ಕಾಲದಲ್ಲಿ ರಸ್ತೆಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದವರು ಅವರೊಬ್ಬರೇ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ನಾನೇ ತೆಗೆದಿದ್ದು ಇರಬೇಕು ಕಣಮ್ಮ. ದಿನಕ್ಕೆ ನಲವತ್ತು ಜನರ ಮುಂದೆ ನಿಲ್ತಿದ್ದೆ. ಹಸಿರು ಕೊಡೆ... ಇಲ್ಲ. ಸುಳ್ಳು ಯಾಕೆ ಹೇಳ್ಲಿ, ನೆನಪಿಲ್ಲ.” ಬೆಂಚಿನ ಅಂಚಿಗೆ ಸರಿದು ಹೇಳಿದರು: “ವರ್ಷದ ಕೊನೇಲಿ ಅವನು ಒಂದು ಟೇಪು ಹಾಕ್ಕೊಂಡು, ಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂರ್ತಿದ್ದ. ಟೇಪು ಸರಿಯಿದೆಯಾ ನೋಡ್ತಾನೆ ಅಂದ್ಕೊಂಡಿದ್ವಿ. ಆಮೇಲೆ ಒಬ್ಬನೇ ನಗ್ತಾ ಬರ್ತಿದ್ದ. ನಾವು ಗೇಲಿ ಮಾಡ್ತಿದ್ವಿ.”

“ಅತ್ತೆ, ನಿಮಗೆ ಹೇಳಿದ್ರಾ?”

ಚೀಟಿಯಣ್ಣನ ಅಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದರು. ಆ ಮಾತು ಗೊತ್ತಿದ್ದವರು ಇಬ್ಬರೇ. ಒಬ್ಬಳು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಇನ್ನೊಬ್ಬರ ಪೆಟ್ಟಿಗೆಯನ್ನು ಈಗ ಗಾಲಿಯ ಮೇಲೆ ತಳ್ಳಿಕೊಂಡು ಬರುತ್ತಿದ್ದರು. ಮಗಳು ಎದ್ದು ಪೆಟ್ಟಿಗೆಯ ಜೊತೆ ನಡೆದಳು. ಚೀಟಿ ಅವಳ ಮುಷ್ಟಿಯಲ್ಲೇ ಇತ್ತು.

ಬಾಗಿಲ ಬಳಿ ಮೇಜಿನ ಹಿಂದೆ ಕುಳಿತ ಗುಮಾಸ್ತ ದೊಡ್ಡ ಪುಸ್ತಕವನ್ನು ತಿರುಗಿಸಿ ಇಟ್ಟ. “ಮನೆಯವರಲ್ಲದವ್ರು ಒಬ್ರು ಸಾಕ್ಷಿ ಸಹಿ ಹಾಕ್ಬೇಕು.”

“ಮೇಡಂ ಹಾಕ್ತಾರೆ,” ಎಂದಳು ಮಗಳು, ಅವಳ ಮುಖ ನೋಡದೆ.

ನಿರ್ಮಾಪಕಿ ಪೆನ್ನು ತೆಗೆದುಕೊಂಡಳು. ಗುಮಾಸ್ತ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. “ಇಲ್ಲಿ ಹಾಕಿ. ಎಲ್ಲಾ ಮಾಮೂಲೇ, ಓದೋದೇನಿಲ್ಲ.”

ಅವಳು ಕನ್ನಡಕ ಹಾಕಿಕೊಂಡಳು. ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಅವನ ಬೆರಳನ್ನು ಪಕ್ಕಕ್ಕೆ ಸರಿಸಿ, ಪುಟದ ಮೇಲ್ತುದಿಯಿಂದ ಶುರುಮಾಡಿದಳು. ಮೃತರ ಹೆಸರು. ತಂದೆಯ ಹೆಸರು. ವಯಸ್ಸು. ಹಿಂದೆ ಮುಂದಿನ ಸರದಿಯವರು ಬಂದು ನಿಂತಿದ್ದರು. ಯಾರೋ ಕೆಮ್ಮಿದರು.

“ಮೇಡಂ, ಹೊತ್ತಾಯ್ತು,” ಎಂದ ಗುಮಾಸ್ತ.

ಪೆಟ್ಟಿಗೆ ಒಳಹೋಗಿ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು, ಅದರ ಮೇಲಿನ ದೀಪ ಕೆಂಪಾಯಿತು. ಅವಳು ಅಕ್ಷರಗಳ ಕೆಳಗೆ ಬೆರಳು ಸರಿಸುತ್ತ, ತುಟಿ ಅಲ್ಲಾಡಿಸುತ್ತ, ಇನ್ನೂ ನಾಲ್ಕನೇ ಸಾಲಿನಲ್ಲಿದ್ದಳು.